ಎದೆ ಒತ್ತುವ ತರಬೇತಿ ಪಡೆದ ಅಳಿಯ

ತೊಂಬತ್ತರ ದಶಕದ ಮಾತು. ಕಮಲಾಪುರದಲ್ಲಿದ್ದ ನನ್ನ ಮಾವನವರಿಗೆ ಹೃದಯದ ತೊಂದರೆ ಇದೆ ಎಂದು ಡಾಕ್ಟರು ಹೇಳಿದ ದಿನದಿಂದ ಮನೆಯವರೆಲ್ಲ ಹೆದರಿದ್ದರು. ನಾನು ಮಾತ್ರ ಹೆದರಲಿಲ್ಲ. ಕಲಬುರಗಿಯ ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ, ಹೃದಯ ನಿಂತವರ ಎದೆ ಒತ್ತಿ ಬದುಕಿಸುವುದನ್ನು ಜನಸಾಮಾನ್ಯರಿಗೆ ಕಲಿಸುವ ಉಚಿತ ತರಬೇತಿಗೆ ಹೋಗಿ ಬಂದಿದ್ದೆ. ಒತ್ತಿ ನೋಡಲು ಅಲ್ಲೊಂದು ರಬ್ಬರಿನ ಗೊಂಬೆ ಇತ್ತು. ಸಾಲು ಉದ್ದವಿತ್ತು. ಕಣ್ಣಾರೆ ನೋಡಿದ ಮೇಲೆ ಕೈಯಿಂದ ಮಾಡುವುದೇನಿದೆ ಎಂದು ಚಹಾ ಕುಡಿಯಲು ಹೋದೆ.

ಮುಂದಿನ ಭಾನುವಾರ ಹೆಂಡತಿ ಶಾಂತಾಳೊಂದಿಗೆ ಕಮಲಾಪುರದ ಬಸ್ಸು ಹತ್ತಿದೆ. ಮನೆಮಂದಿಗೆಲ್ಲ ಈ ವಿದ್ಯೆಯನ್ನು ಧಾರೆಯೆರೆಯುವ ಉದ್ದೇಶ. ನುಲಿಯ ಹೊರಸಿನ ಮೇಲೆ ಗಾದಿ, ಗಾದಿಯ ಮೇಲೆ ದಿಂಬು. ದಿಂಬೇ ರೋಗಿ. ಮಾವ ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತರು. ಪ್ರಶ್ನೆ ಅವರ ಎದೆಯದು ತಾನೆ.

ಒತ್ತತೊಡಗಿದೆ. ಹೊರಸು ತೊಟ್ಟಿಲಿನಂತೆ ತೂಗಿತು.

"ಅಳಿಯಾವ್ರ, ಎದಿ ಒಳಗ ಹೋಗವಲ್ದು. ಹೊರಸ ಹೋಗಾಕತ್ತದ" ಎಂದರು ಮಾವ.

ದಿಂಬನ್ನು ನೆಲಕ್ಕಿಳಿಸಿ, ಎಣಿಸುತ್ತ ಒತ್ತತೊಡಗಿದೆ. ಹನ್ನೊಂದಕ್ಕೆ ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಎಣಿಸೋಣವೆಂದು ಕೈ ನಿಲ್ಲಿಸಿದೆ.

"ನೀವು ನಿಂತ್ರ ಅಪ್ಪನ ರಕ್ತನೂ ನಿಲ್ತದಲ್ರೀ?" ಎಂದಳು ಶಾಂತಾ.

ಆ ಮಾತಿಗೆ ಗಾಬರಿಯಾಗಿ ವೇಗ ಹೆಚ್ಚಿಸಿದೆ. ಮೊಣಕೈ ಮಡಚಿಕೊಂಡಿತು. ಒಂದು ನಿಮಿಷವಾಗಿರಬಹುದು, ಕಣ್ಣಿಗೆ ಕತ್ತಲೆ ಬಂದು ರೋಗಿಯ ಮೇಲೆಯೇ ತಲೆಯಿಟ್ಟು ಮಲಗಿದೆ. ನೋಡುವವರಿಗೆ ಇದೂ ಪಾಠದ ಭಾಗವೆನಿಸಿತಂತೆ. ಯಾರೂ ಅಲುಗಲಿಲ್ಲ.

ಕೊನೆಗೆ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಮಂಡಿಯೂರಿದರು. ಕೈ ನೆಟ್ಟಗೆ, ಭುಜದ ಭಾರವೆಲ್ಲ ಅಂಗೈಗೆ, ಒಂದೇ ಲಯ.

"ಹಿಂಗೇನ್ರಿ?" ಎಂದು ಕೇಳಿದರು.

ಹೌದು ಎನ್ನಲು ನನ್ನಲ್ಲಿ ಉಸಿರಿರಲಿಲ್ಲ. ಅವರು ದಣಿಯುವ ಮೊದಲೇ, ಯಾರೂ ಹೇಳದಿದ್ದರೂ, ಶಾಂತಾ ಆ ಜಾಗಕ್ಕೆ ಬಂದಳು. ಲಯ ತಪ್ಪಲಿಲ್ಲ.

ಮಾವ ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ತೀರ್ಪು ಕೊಟ್ಟರು: "ನನಗೇನರ ಆದ್ರ ಇವರಿಬ್ಬರೇ ಸಾಕು. ಅಳಿಯಾವ್ರನ್ನ ಜೀಪ್ ಕರಕೊಂಡು ಬರಾಕ ಕಳಸ್ರಿ."

ಹಾಗೆಂದವರು ತಾವೇ ಎದ್ದು ಹೋಗಿ ಒಂದು ಚೊಂಬು ನೀರು ತಂದು, ನನ್ನ ಪಕ್ಕದಲ್ಲಿ ಕುಳಿತು ಮಣಿಕಟ್ಟು ಹಿಡಿದರು. ಆ ದಿನ ಆ ಮನೆಯಲ್ಲಿ ನಾಡಿ ನೋಡಿಸಿಕೊಂಡವನು ನಾನೊಬ್ಬನೇ.