ಸಂಕಷ್ಟಿಯ ದಿನ ಹೆಚ್ಚು ನೀರು ಕುಡಿದ ಇಲಿಗಳು

ಇಲಿಗಳ ಜೊತೆ ಕೆಲಸ ಮಾಡುವವರಿಗೆ ನಗು ಬರುವ ಸಂದರ್ಭಗಳು ಒದಗುತ್ತಲೇ ಇರುತ್ತವೆ. ಇಲಿಗಳು ಮಾತ್ರ ಯಾವುದಕ್ಕೂ ನಗುವುದಿಲ್ಲ. ನಾನು ಬಿ.ಎಸ್ಸಿ. ಓದಿದವಳು. ರಾಜಾಜಿನಗರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಬಿಳಿ ಇಲಿಗಳ ರಿಜಿಸ್ಟರ್ ಬರೆಯುವುದು ನನ್ನ ಕೆಲಸ. ಮೂವರು ಮೊಮ್ಮಕ್ಕಳಾದರೂ ಅದರಲ್ಲಿ ಒಂದು ಅಂಕಿಯನ್ನೂ ಹೊಡೆದು ತಿದ್ದಿದವಳಲ್ಲ.

೧. ಪಕ್ಕದ ಮನೆಯ ಸಾರು

ಬಾಟಲಿಯಲ್ಲಿ ರೋಗಾಣು ಬೆಳೆಯದಿರಲೆಂದು ಪ್ರಯೋಗದ ಇಲಿಗಳಿಗೆ ತುಸು ಆಸಿಡ್ ಬೆರೆಸಿದ ನೀರು ಕೊಡುವುದುಂಟು. ಆ ನೀರಿನಿಂದ ಇಲಿಗಳು ಕಡಿಮೆ ಕುಡಿಯುತ್ತವೆಯೇ, ಅವುಗಳ ತೂಕ ಇಳಿಯುತ್ತದೆಯೇ ಎಂದು ನಮ್ಮ ಪಿಎಚ್.ಡಿ. ಹುಡುಗಿಯೊಬ್ಬಳು ನೋಡುತ್ತಿದ್ದಳು. ಅರ್ಧ ಪಂಜರಗಳಿಗೆ ಆಸಿಡ್ ನೀರು, ಉಳಿದರ್ಧಕ್ಕೆ ಬರೀ ನೀರು.

ಬಸವೇಶ್ವರನಗರದ ನಮ್ಮ ಪಕ್ಕದ ಮನೆಯಾಕೆಗೆ ಇದನ್ನು ಹೇಳಿದೆ.

"ಆಸಿಡ್ ಕುಡಿಸ್ತೀರೇನ್ರೀ? ಪಾಪ ಬರಲ್ವಾ?"

"ನಿಮ್ಮನೆ ಹುಣಸೆಹಣ್ಣಿನ ಸಾರಿಗಿಂತ ಸ್ವಲ್ಪ ಹುಳಿ ಜಾಸ್ತಿ, ಅಷ್ಟೇ."

ನಂಬಲಿಲ್ಲ. ಹುಳಿ ಅಳೆಯುವ ಕಾಗದದ ಪಟ್ಟಿಯನ್ನು ಅವರ ಸಾರಿಗೇ ಅದ್ದಿ ತೋರಿಸಿದೆ. ಬದಲಾದ ಬಣ್ಣವನ್ನು ನೋಡಿ ಕೇಳಿದರು: "ಅದಕ್ಕೇ ಏನ್ರೀ, ನಮ್ಮನೆಯವರು ಇಷ್ಟು ಸೊರಗಿರೋದು?"

೨. ನಾಳೆಯ ತೂಕ

ಆ ಹುಡುಗಿಗೆ ಪ್ರಬಂಧ ಒಪ್ಪಿಸಲು ಕೊನೆಯ ಗಡುವು ಸಿಕ್ಕಿತ್ತು. ಲೆಕ್ಕದಲ್ಲಿ ಅನುಮಾನ ಬಂದರೆ ಮತ್ತೆ ಮೊದಲಿನಿಂದ ಮಾಡಬೇಕಿತ್ತು, ಅದಕ್ಕೆ ಅವಳಿಗೆ ಸಮಯವಿರಲಿಲ್ಲ. ಒಂದು ಸಂಜೆ ನೋಡಿದರೆ, ಎಷ್ಟು ನೀರು ಖಾಲಿಯಾಯಿತೆಂದು ತಿಳಿಯಲು ದಿನಾ ತೂಗುವ ಬಾಟಲಿಗಳ ಮರುದಿನದ ತೂಕಗಳನ್ನು ಅಂದಾಜಿನ ಮೇಲೆ ಆಗಲೇ ರಿಜಿಸ್ಟರಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದಳು.

"ಇದೇನಮ್ಮಾ?"

"ದಿನಾ ಅಷ್ಟೇ ಬರ್ತಿದೆ ಮೇಡಂ. ನಾಳೆ ಅರ್ಧ ದಿನ ರಜಾ ಬೇಕಿತ್ತು."

ನಾನು ಅಳಿಸಿ ಹೇಳಿದೆ: "ನಡೆಯೋಕೆ ಮುಂಚೆ ಬರೆದದ್ದು ದಾಖಲೆ ಅಲ್ಲ."

"ಸರಿ ಮೇಡಂ. ಇಲಿಗಳಿಗೂ ಹೇಳ್ತೀನಿ, ನಾಳೆ ನಿಮ್ಮನ್ನ ಕೇಳ್ಕೊಂಡೇ ಕುಡೀಲಿ ಅಂತ."

೩. ಚಂದ್ರನ ಪ್ರಭಾವ

ಆಸಿಡ್ ನೀರಿನ ಇಲಿಗಳು ನಿಜವಾಗಿಯೂ ಕಡಿಮೆ ಕುಡಿಯುತ್ತಿದ್ದವು. ಆದರೆ ತಿಂಗಳಿಗೊಂದು ದಿನ, ಹುಣ್ಣಿಮೆಯಾದ ಮೂರು ನಾಲ್ಕು ದಿನಕ್ಕೆ, ಇದ್ದಕ್ಕಿದ್ದಂತೆ ಹೆಚ್ಚು ಕುಡಿಯುತ್ತಿದ್ದವು. ಗೈಡ್ ಸಾರ್ ಹುಬ್ಬು ಗಂಟಿಕ್ಕಿ, "ಚಂದ್ರನ ಪ್ರಭಾವ ಇರಬಹುದಾ?" ಎಂದರು.

"ಸಾರ್, ಆ ರೂಮಿಗೆ ಕಿಟಕೀನೇ ಇಲ್ಲ," ಎಂದಳು ಹುಡುಗಿ.

ನಾನು ಮನೆಗೆ ಹೋಗಿ ನನ್ನ ದಿನಚರಿ ತೆಗೆದೆ. ವರ್ಷಾರಂಭದಲ್ಲೇ ಪಂಚಾಂಗ ನೋಡಿ ಪ್ರತಿ ಸಂಕಷ್ಟಿಗೂ 'ಉಪವಾಸ' ಎಂದು ಬರೆದುಕೊಳ್ಳುವುದು ನನ್ನ ರೂಢಿ. ಒಂದು ತಿಂಗಳು ಬಿಟ್ಟು, ಇಲಿಗಳು ಹೆಚ್ಚು ಕುಡಿದ ದಿನಗಳೆಲ್ಲ ಅದಕ್ಕೆ ತಾಳೆಯಾದವು.

ಮಧ್ಯಾಹ್ನ ಊಟದ ನಂತರ ಬಾಟಲಿ ತುಂಬುವ ಲಗ್ಗೆರೆಯ ಹೆಂಗಸನ್ನು ಕರೆದು ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ಗಣಪನ ವಾಹನ ಅಲ್ವೇನಮ್ಮಾ? ಸಂಕಷ್ಟಿ ದಿನಾನೂ ಆಸಿಡ್ ಕೊಡೋದಾ? ಅವತ್ತೊಂದಿನ ಎಲ್ಲಕ್ಕೂ ಒಳ್ಳೆ ನೀರೇ ತುಂಬ್ತೀನಿ."

"ಕ್ಯಾನಿನಲ್ಲಿರೋ ಆಸಿಡ್ ನೀರು?"

"ಸಿಂಕಿಗೆ. ಅದರ ಕೆಳಗಡೆ ದೇವರ ವಾಹನ ಯಾವುದೂ ಇಲ್ವಲ್ಲ."

೪. ತಾಳೆಯಾಗದ ತಿಂಗಳು

ಹುಡುಗಿ ಅತ್ತಳು. ಆ ದಿನಗಳ ಪುಟ ಬಿಟ್ಟುಬಿಡೋಣವೇ ಎಂದಳು. ನಾನು ಒಪ್ಪದೆ ಅಂಥ ಪ್ರತಿ ದಿನದ ಎದುರೂ 'ಸಂಕಷ್ಟಿ ಪ್ರಯುಕ್ತ ಬರೀ ನೀರು ಕೊಡಲಾಗಿದೆ' ಎಂದು ಷರಾ ಬರೆದು, ಸಹಿ ಮಾಡಿದೆ. ಗೈಡ್ ಸಾರ್ ಓದಿ, "ಇದ್ದದ್ದು ಇದ್ದ ಹಾಗೇ ಬರಿಯಮ್ಮ. ಅದೇ ಇಲಿ, ನೀರು ಬದಲಾದ ದಿನ ಮಾತ್ರ ಜಾಸ್ತಿ ಕುಡಿದಿದೆ. ಇದೂ ಒಂದು ಸಾಕ್ಷಿ," ಎಂದರು.

ಅಂತಿಮ ಸಂದರ್ಶನಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ಎಲ್ಲವನ್ನೂ ಮೆಚ್ಚಿದರು. ಕೊನೆಗೆ ಒಂದೇ ಒಂದು ಕಡೆ ಬೆರಳಿಟ್ಟರು.

"ಈ ತಿಂಗಳೂ ಸಂಕಷ್ಟಿ ಇದೆಯಲ್ಲ? ಇಲಿಗಳು ಯಾಕೆ ಜಾಸ್ತಿ ಕುಡಿದಿಲ್ಲ? ನಿಮ್ಮ ವಿವರಣೆಯೇ ತಪ್ಪಿರಬಹುದು."

ಹುಡುಗಿ ನನ್ನ ಕಡೆ ತಿರುಗಿದಳು. ಕಾಫಿ ತಂದಿದ್ದ ಲಗ್ಗೆರೆಯ ಹೆಂಗಸು ಲೋಟ ಇಡುತ್ತಾ ಹೇಳಿದಳು.

"ಅವತ್ತು ಆಸಿಡ್ ನೀರೇ ಹಾಕಿದ್ದೆ ಸಾರ್. ನಮ್ಮನೇಲಿ ಪಂಚಾಂಗ ಎಲ್ಲಿದೆ? ಮೇಡಮ್ಮ ಮಧ್ಯಾಹ್ನ ಊಟದ ಡಬ್ಬಿ ತೆಗೀದೇ ಇದ್ರೆ ಸಂಕಷ್ಟಿ ಅಂತ ನನ್ನ ಲೆಕ್ಕ. ಅವತ್ತು ಮೇಡಮ್ಮ ಈರುಳ್ಳಿ ಹಾಕಿದ ಚಿತ್ರಾನ್ನ ಪೂರ್ತಿ ಊಟ ಮಾಡಿದ್ರು. ನಂಗೂ ಒಂದು ಹಿಡಿ ಕೊಟ್ರು."

ಪರೀಕ್ಷಕರು ನಗದೆ ಅದನ್ನು ಬರೆದುಕೊಂಡು ಸಹಿ ಹಾಕಿದರು. ಹುಡುಗಿ ಪಾಸಾದಳು. ಚೀಲದಿಂದ ದಿನಚರಿ ತೆಗೆದು ನೋಡಿದರೆ, ಆ ದಿನದ ಎದುರು 'ಉಪವಾಸ' ಎಂದು ದುಂಡಗೆ ಬರೆದಿತ್ತು; ಹುಡುಗಿಯೂ ಇಣುಕಿ ನೋಡಿದಳು.

ಹೊರಗೆ ಬಂದ ಮೇಲೆ ಹುಡುಗಿ ಕೈಮುಗಿದು, ಬಹಳ ವಿನಯದಿಂದ ಕೇಳಿದಳು: "ಪೆನ್ಸಿಲಲ್ಲಿ ಬರ್ದಿದ್ರಾ ಮೇಡಂ, ಪೆನ್ನಲ್ಲಾ?"