ಎಡಗಡೆ ಕೆಳಮೂಲೆಯ ಇಂಟು ಮಾರ್ಕು

ಕದ್ದು ಕಲಿತ ವಿದ್ಯೆಯ ಕಷ್ಟವೆಂದರೆ ಗುರುವಿನ ಹೆಸರು ಹೇಳುವಂತಿಲ್ಲ. ವೆಬ್‌ಸೈಟ್ ಮಾಡುವುದು ನನ್ನ ಹೊಟ್ಟೆಪಾಡು. ಆ ಕೆಲಸವನ್ನು ನನಗೆ ನಿಜವಾಗಿ ಕಲಿಸಿದ್ದು, ಮರ್ಯಾದಸ್ಥರು ಬಾಗಿಲು ಹಾಕಿಕೊಂಡು ನೋಡುವ ವಯಸ್ಕರ ವಿಡಿಯೋ ಸೈಟು. ನಗಬೇಡಿ. ಬೇರೆ ಸೈಟುಗಳಲ್ಲಿ ಒಂದು ಅರ್ಜಿ ಹಾಕಲು ಹೋದರೆ ಮೂರು ಸಲ ಹೆಸರು ಕೇಳಿ, ನಾಲ್ಕನೆಯ ಸಲ ನನ್ನನ್ನೇ ಹೊರಗೆ ಹಾಕುತ್ತಾರೆ. ಇಲ್ಲಿ ಹದಿನೆಂಟು ದಾಟಿದೆಯೇ ಎಂದು ಒಂದೇ ಸಲ ಕೇಳಿ, ಹೇಳಿದ್ದನ್ನು ನಂಬುತ್ತಾರೆ. ಸಾಲುಸಾಲು ಚಿತ್ರ, ಬೆರಳಿಟ್ಟರೆ ಕದಲುತ್ತದೆ. ಸ್ಪೆಲಿಂಗ್ ತಪ್ಪಿದರೂ ಬಯ್ಯದೆ ಹುಡುಕಿಕೊಡುತ್ತದೆ. ನಿನ್ನೆ ಎಲ್ಲಿ ಬಿಟ್ಟಿರೋ ಅಲ್ಲಿಂದಲೇ ಇವತ್ತು ಶುರು. ಇರುವುದು ಒಂದೇ ದುರ್ಬುದ್ಧಿ. ನಡುವೆ ಪರದೆ ತುಂಬ ಬರುವ ಜಾಹೀರಾತನ್ನು ಮುಚ್ಚುವ ಇಂಟು ಮಾರ್ಕನ್ನು ಎಲ್ಲರಂತೆ ಬಲಗಡೆ ಮೇಲೆ ಇಡದೆ, ಎಡಗಡೆ ಕೆಳಮೂಲೆಯಲ್ಲಿ ಎಳ್ಳುಕಾಳಿನಷ್ಟು ಇಟ್ಟಿರುತ್ತಾರೆ.

ಹರಿಹರದ ನಮ್ಮ ಮಾವ ಪೂಜೆಯಾಗದೆ ಗುಟುಕು ನೀರು ಕುಡಿಯದವರು. ನಮ್ಮೂರ ಮಂಡಿಪೇಟೆಯ ಪಾತ್ರೆ ವ್ಯಾಪಾರಿ ಬಸಣ್ಣನವರಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ಕೊಡಿಸಿದ್ದು ಅವರೇ. "ನಮ್ಮ ಅಳಿಯಂದ್ರು. ಒಂದು ಚಟ ಇಲ್ಲ ನೋಡ್ರಿ" ಎಂದು ನನ್ನೆದುರೇ ಹೇಳಿದ್ದರು. ಆ ಮಾತು ಉಳಿಸಲು ತಿಂಗಳಿಡೀ ಹೆಣಗಿದೆ. ಗುರುಗಳ ಕಪ್ಪು ಬಣ್ಣ ತೆಗೆದು ಅರಿಶಿನ ಬಳಿದೆ. ವಿಡಿಯೋಗಳ ಜಾಗದಲ್ಲಿ ಕೊಳಗ, ತಪ್ಪೇಲಿ, ಕುಕ್ಕರ್ ಜೋಡಿಸಿದೆ. ಉಳಿದದ್ದೆಲ್ಲ ಯಥಾವತ್ತು.

ತೋರಿಸುವ ದಿನ ಮಾವನೂ ಬಂದು ಅಂಗಡಿಯ ಗಾದಿಯ ಮೇಲೆ ಕೂತರು. ಬಸಣ್ಣ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ತಪ್ಪೇಲಿ ಮುಟ್ಟಿದರು, ಅದು ತಿರುಗಿತು. "ಭಾಳ ಸಲೀಸೈತ್ರೀ" ಎಂದರು. ನಾನು ಉಬ್ಬಿದೆ. ಅಷ್ಟರಲ್ಲಿ ಪರದೆ ತುಂಬ ಹೊಸ ಕುಕ್ಕರಿನ ಜಾಹೀರಾತು ಬಂತು. ಅವರ ಬೆರಳು ಬಲಗಡೆ ಮೇಲೆಲ್ಲ ತಡಕಾಡಿತು.

"ಇದನ್ನ ಮುಚ್ಚೋದು ಎಲ್ಲೈತ್ರೀ?"

ಬಣ್ಣ ಬದಲಿಸಿದ ಈ ಮಹಾಶಯ ಇಂಟು ಮಾರ್ಕನ್ನು ಬದಲಿಸಿರಲಿಲ್ಲ. ಇಲ್ಲಿದೆ ಎಂದು ತೋರಿಸಿದರೆ, ಅಲ್ಲಿ ಯಾಕ ಇಟ್ರಿ ಎನ್ನುತ್ತಾರೆ. ಏನು ಹೇಳಲಿ? ಮಾವ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದಾರೆ. "ಅದು... ಸ್ವಲ್ಪ..." ಎಂದು ತೊದಲುತ್ತಿದ್ದಾಗ ಮಾವನ ಕೈ ಮುಂದೆ ಬಂತು. ಕನ್ನಡಕ ಇನ್ನೂ ಜೇಬಿನಲ್ಲೇ ಇತ್ತು. ಅವರು ಹುಡುಕಲಿಲ್ಲ, ತಡವರಿಸಲಿಲ್ಲ. ನೇರವಾಗಿ ಎಡಗಡೆ ಕೆಳಮೂಲೆ ಒತ್ತಿದರು. ಕುಕ್ಕರ್ ಮಾಯವಾಯಿತು.

"ನಿಮಗೆ ಹೆಂಗೆ ಗೊತ್ತಾತ್ರೀ?" ಎಂದರು ಬಸಣ್ಣ.

"ಕಂಡ್ತು" ಎಂದು ಮಾವ ಬೀದಿಯ ಕಡೆ ನೋಡಿದರು. ನಾನು ಗಾದಿಯ ದಾರ ಕೀಳುತ್ತಾ ಕೂತೆ.

ಅವರನ್ನು ಮನೆ ಮುಟ್ಟಿಸಲು ಹರಿಹರದ ಬಸ್ಸು ಹತ್ತಿದೆ. ಅಕ್ಕಪಕ್ಕ ಕೂತಿದ್ದೇವೆ, ದಾರಿಯುದ್ದಕ್ಕೂ ನಾನು ಟಿಕೆಟ್ಟು ಮಡಚಿ ಬಿಚ್ಚುತ್ತಿದ್ದೇನೆ. ಇಷ್ಟು ವರ್ಷದ ಮರ್ಯಾದೆ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಊರು ಹತ್ತಿರ ಬಂದಾಗ ಮಾವ ಗಂಟಲು ಸರಿಮಾಡಿಕೊಂಡರು.

"ಆ ಇಂಟು ಮಾರ್ಕನ್ನ ಬಲಗಡೆ ಮ್ಯಾಲೆ ಇಡ್ರಿ. ಎಲ್ಲಾರಿಗೂ ರೂಢಿ ಇರಲ್ಲ."

"ಆಗಲಿ ಮಾವ, ಇವತ್ತೇ ಬದಲಾಯಿಸ್ತೀನಿ" ಎಂದೆ. ಬದುಕಿದೆ ಅನ್ನಿಸಿತು.

ಬಸ್ಸಿನಿಂದ ಇಳಿಯುವಾಗ ಹೊಳೆಯಿತು. ಏನೂ ಅರಿಯದ ಅಳಿಯನಾಗಿದ್ದರೆ "ಯಾವ ರೂಢಿ ಮಾವ?" ಎಂದು ಕೇಳುತ್ತಿದ್ದ. ನಾನು ಕೇಳಲಿಲ್ಲ. ಮಾವ ಆ ಮಾತು ಆಡಿದ್ದು, ನಾನು ಕೇಳುತ್ತೇನೋ ಇಲ್ಲವೋ ನೋಡಲಿಕ್ಕೇ ಇರಬೇಕು.