ಮುಳುಗದೆ ಇದ್ದೀಯಾ?

ಕೊಯಮತ್ತೂರಿನ ಹತ್ತಿರದ ಪೆರಿಯನಾಯಕನಪಾಳ್ಯದಲ್ಲಿ ಸರ್ಕಾರದ ಕುಟುಂಬ ಯೋಜನೆಗೆ ಒಬ್ಬರೇ ಒಬ್ಬ ಶತ್ರು ಇದ್ದರು. ನನ್ನ ಯಜಮಾನರ ದೊಡ್ಡಮ್ಮ! ಎಂಬತ್ತರ ದಶಕದ ಆ ದಿನಗಳಲ್ಲಿ ಸರ್ಕಾರದವರು ಗೋಡೆಗೋಡೆಗೂ ಕೆಂಪು ತ್ರಿಕೋನ ಬರೆಸಿ ಹೋಗುತ್ತಿದ್ದರು. ದೊಡ್ಡಮ್ಮ ಅದೇ ತ್ರಿಕೋನಕ್ಕೆ ಬೆನ್ನು ಕೊಟ್ಟು ನಿಂತು, ಬೀದಿಯ ಹೊಸ ಸೊಸೆಯರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಮನೆಯಲ್ಲಿ ಕನ್ನಡ ಮಾತಾಡುವ ನೇಕಾರರ ಕುಟುಂಬ ಎಂದು ಅಪ್ಪ ಧೈರ್ಯವಾಗಿ ಕೊಟ್ಟಿದ್ದರು. ಕನ್ನಡವೇನೋ ಹೌದು. ಆದರೆ ತಲೆಮಾರುಗಳಿಂದ ತಮಿಳಿನ ಜೊತೆ ಒಂದೇ ಮಗ್ಗದಲ್ಲಿ ನೇಯ್ದ ಕನ್ನಡ!

ಮದುವೆಯಾಗಿ ಆರು ತಿಂಗಳಿಗೆ, ಒಂದು ಬೆಳಿಗ್ಗೆ ದೊಡ್ಡಮ್ಮ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದರು. ಮುದ್ದಿಗೆ ಅವರಿಗೆ ನಾನು 'ಕಣ್ಣು'.

"ಏನ್ ಕಣ್ಣು, ಮುಳುಗ್ದೆ ಇದ್ದೀಯಾ?"

ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಮುಳುಗುವುದಾದರೂ ಎಲ್ಲಿ? ಆದರೂ ಹಿರಿಯರ ಕಾಳಜಿ. ಪ್ರಶ್ನೆಗೆ ಪೂರ್ತಿ ವಾಕ್ಯದಲ್ಲಿ ಉತ್ತರಿಸಬೇಕೆಂದು ಸಿಸ್ಟರುಗಳು ಬೇರೆ ಕಲಿಸಿದ್ದರು. "ಹೌದು ದೊಡ್ಡಮ್ಮ, ಮುಳುಗದೆ ಇದ್ದೇನೆ" ಎಂದೆ.

ಅರ್ಧ ಗಂಟೆಯಲ್ಲಿ ಬೀದಿಗೆಲ್ಲ ಕಲ್ಲುಸಕ್ಕರೆ ಹಂಚಿ ಆಗಿತ್ತು! ಮಿಲ್ಲಿನಿಂದ ಬರುತ್ತಿದ್ದ ಯಜಮಾನರನ್ನು ಟೀ ಅಂಗಡಿಯವರು ತಬ್ಬಿಕೊಂಡರಂತೆ. "ಅಲ್ಲ, ನನಗೊಂದು ಮಾತು ಹೇಳಬಾರದಾಗಿತ್ತಾ?" ಎಂದು ಅವರು, "ಏನನ್ನು?" ಎಂದು ನಾನು. ಕೊನೆಗೆ ಗುಟ್ಟು ಒಡೆಯಿತು. ಇಲ್ಲಿನ ತಮಿಳಿನಲ್ಲಿ ಮುಳುಗುವುದೆಂದರೆ ತಲೆಗೆ ನೀರು ಹಾಕಿಕೊಳ್ಳುವುದು. ತಿಂಗಳ ಆ ಸ್ನಾನ ತಪ್ಪಿದೆಯಾ, ಅಂದರೆ ಗರ್ಭ ನಿಂತಿದೆಯಾ ಎಂದು ದೊಡ್ಡಮ್ಮ ಕೇಳಿದ್ದರು!

ಎಲ್ಲರೂ ನಕ್ಕರು, ನಾನೂ ನಕ್ಕೆ. ಬಾಯಲ್ಲಿದ್ದ ಕಲ್ಲುಸಕ್ಕರೆ ಕರಗುವ ತನಕ ಅದು ನಿಜವಾಗಬಾರದೇ ಎಂದುಕೊಂಡದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ದೊಡ್ಡಮ್ಮ ನನ್ನ ಮುಖ ನೋಡಿದ್ದರೇನೋ. ಹಂಚಿದ ಸಕ್ಕರೆಯನ್ನು ನಿಜ ಮಾಡಿಯೇ ತೀರುವುದೆಂದು ಮಾರನೆಯ ದಿನದಿಂದಲೇ ಟೊಂಕ ಕಟ್ಟಿದರು.

"ನಿನ್ನ ಮೈ ಸೂಡು ಕಣ್ಣು. ಒಲೆಯಂಗೆ ಕಾಯೋ ಹೊಟ್ಟೇಲಿ ಪಾಪ ಹೆಂಗೆ ಕೂತ್ಕೊಳ್ತದೆ?" ನನ್ನ ಕಾಫಿ ನಿಂತಿತು. ನೆತ್ತಿಗೆ ವಿಳಕ್ಕೆಣ್ಣೆ, ಅಂದರೆ ಹರಳೆಣ್ಣೆ, ಬಿತ್ತು. ಉಷ್ಣವೆಂದು ಹಿತ್ತಲ ಪಪ್ಪಾಯಿ ಮರವನ್ನೂ ಕಡಿಸಿದರು. "ದೊಡ್ಡಮ್ಮ, ಅದು ಗಂಡು ಮರ, ಹುಟ್ಟಿದಾಗಿನಿಂದ ಒಂದು ಕಾಯಿ ಬಿಟ್ಟದ್ದಿಲ್ಲ" ಎಂದರೆ, "ಅದರ ಗಾಳಿ ಬೀಸ್ತದಲ್ಲ!" ಎಂದರು.

ಆಮೇಲೆ ಸೆರಗಿನಲ್ಲಿ ಮುಚ್ಚಿಕೊಂಡು ಎರಡು ಇಟ್ಟಿಗೆ ತಂದರು. ಮಂಚದ ಕಾಲ ಕಡೆ ಎತ್ತರವಿದ್ದರೆ ಗರ್ಭ ನಿಲ್ಲುತ್ತದಂತೆ! ರಾತ್ರಿಯೆಲ್ಲ ಇಬ್ಬರೂ ಇಳಿಜಾರಿನಲ್ಲಿ ಜಾರಿದೆವು. ಬೆಳಿಗ್ಗೆ ಯಜಮಾನರ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು. ಮಿಲ್ಲಿನಲ್ಲಿ ಯಾರು ಹೊಡೆದರೆಂದು ಕೇಳಿದ್ದಕ್ಕೆ, "ನಮ್ಮ ದೊಡ್ಡಮ್ಮ" ಎಂದರಂತೆ.

ಎಲ್ಲಕ್ಕಿಂತ ಕಷ್ಟದ್ದು ಕೊನೆಯ ಔಷಧಿ. "ಕವಲೆ ಪಡಬೇಡ. ಯೋಚ್ನೆ ಬಿಟ್ಟರೆ ತಾನಾಗೇ ಆಗ್ತದೆ." ಸರಿ, ಬಿಟ್ಟೆ. ದೊಡ್ಡಮ್ಮ ಬಿಡಬೇಕಲ್ಲ! ತಿಂಡಿ ಹೊತ್ತಿಗೊಮ್ಮೆ, ಊಟದ ಹೊತ್ತಿಗೊಮ್ಮೆ, ದೀಪ ಹಚ್ಚುವಾಗೊಮ್ಮೆ, "ಈಗ ಯೋಚ್ನೆ ಮಾಡ್ತಾ ಇಲ್ಲ ತಾನೆ?"

ಹೀಗೆ ಮೂರು ವರ್ಷ. ಸೀಮಂತಗಳಿಗೆ ನನ್ನನ್ನು ಕರೆಯುವಾಗ ಜನ ಒಂದು ಕ್ಷಣ ತಡೆದು ಕರೆಯತೊಡಗಿದ್ದರು. ಕೊನೆಗೆ ಧೈರ್ಯ ಮಾಡಿ ಕೊಯಮತ್ತೂರಿನ ಲೇಡಿ ಡಾಕ್ಟರ ಬಳಿಗೆ ಒಬ್ಬಳೇ ಹೋದೆ. ನನ್ನ ಪಟ್ಟಿಯನ್ನೆಲ್ಲ ಅವರು ನಗದೆ ಕೇಳಿದರು. "ಮೈ ಉಷ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಇಟ್ಟಿಗೆ ತೆಗೆದುಬಿಡು. ಯೋಚನೆ ಮಾಡಿದ್ದರಿಂದ ಆದದ್ದೂ ಅಲ್ಲ. ಕಾರಣ ನಿನ್ನಲ್ಲಿರಬಹುದು, ನಿನ್ನ ಯಜಮಾನರಲ್ಲಿರಬಹುದು. ಅವರನ್ನೂ ಕರೆದುಕೊಂಡು ಬಾ" ಎಂದರು.

ಮನೆಯಲ್ಲಿ ಹೇಳಿದೆ. ಅತ್ತೆಯವರು ಮೊರ ಕೆಳಗಿಟ್ಟರು. "ಗಂಡಸಿಗೆ ಎಂಥಾ ಪರೀಕ್ಷೆ? ನನ್ನ ಮಗ ಕಲ್ಲಿನಂಗೆ ಇದ್ದಾನೆ!" ಯಜಮಾನರು ಗೋಡೆ ನೋಡಿದರು. ಡಾಕ್ಟರ ಮಾತನ್ನು ಈಗ ಒಂದೇ ಏಟಿಗೆ ಹೊಡೆದು ಹಾಕುತ್ತಾರೆಂದು ನಾವೆಲ್ಲ ದೊಡ್ಡಮ್ಮನ ಕಡೆ ತಿರುಗಿದೆವು.

ದೊಡ್ಡಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

"ತಂಗೀ," ಎಂದರು ಅತ್ತೆಯವರಿಗೆ, "ಹದಿನೆಂಟು ವರ್ಷ ನಾನು ಬೇವಿನ ಚಿಗುರು ತಿಂದೆ. ತಣ್ಣೀರಲ್ಲಿ ಮಿಂದು ಈರಬಟ್ಟೇಲಿ ಗುಡಿ ಸುತ್ತಿದೆ. ಬಂಜೆ ಅನ್ನಿಸಿಕೊಂಡೆ. ನಮ್ಮ ಮನೆಯವರನ್ನ ಒಂದು ಸಲವಾದ್ರೂ ಯಾರಾದ್ರೂ ಡಾಕ್ಟರ ಹತ್ರ ಕಳಿಸಿದ್ರಾ? ಇವನು ಹೋಗಲಿ ಬಿಡು."

ಅಷ್ಟು ಔಷಧಿ ಗೊತ್ತಿದ್ದದ್ದು ಅಷ್ಟನ್ನೂ ತಾವೇ ನುಂಗಿದ್ದರಿಂದ ಎಂದು ನನಗೆ ಆವತ್ತೇ ಹೊಳೆದದ್ದು. ಅತ್ತೆಯವರು ಮತ್ತೆ ಮೊರ ಎತ್ತಿಕೊಂಡರು.

ಮುಂದಿನ ಸೋಮವಾರ ಯಜಮಾನರು, ದೊಡ್ಡಮ್ಮ, ನಾನು ಮೂವರೂ ಬಸ್ ಹತ್ತಿದೆವು. ಯಜಮಾನರು ತಲೆ ತಗ್ಗಿಸಿ ಒಳಗೆ ಹೋದರು. ಹೊರಗೆ ಬೆಂಚಿನ ಮೇಲೆ ನನ್ನ ಕೈ ಬೆವರುತ್ತಿತ್ತು. ಚೀಟಿ ಬರೆಯುತ್ತಿದ್ದ ನರ್ಸು, ದೊಡ್ಡಮ್ಮನನ್ನು ನನ್ನ ತಾಯಿ ಎಂದುಕೊಂಡು, ಸುಮ್ಮನೆ ಮಾತಿಗೆ ತಮಿಳಿನಲ್ಲಿ ಕೇಳಿದಳು. "ನಿಮಗೆ ಎಷ್ಟು ಮಕ್ಕಳಮ್ಮಾ?"

ಏನಾದರೂ ಹೇಳಿ ತಪ್ಪಿಸಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ದೊಡ್ಡಮ್ಮ ನನ್ನ ಒದ್ದೆ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಹೇಳಿದರು.

"ಒಬ್ಬಳೇ. ಇವಳು."